ಅಂಕವೋ, ಕಂಪನಿಯ ಬೆಂಬಲವೋ?

ಪುಣೆಯ ಹಿಂಜವಡಿಯಲ್ಲಿ ದುಡಿಯುವ ಧಾರವಾಡದ ಸಹೋದರಿಯೊಬ್ಬರು, ವಲಸೆಗೆ ಕೆನಡಾದ ಅಂಕಪದ್ಧತಿ ಮೇಲೋ, ಅಮೆರಿಕದ ಎಚ್‌-1ಬಿ (ತಾತ್ಕಾಲಿಕ ಕೆಲಸದ ವೀಸಾ) ಮೇಲೋ ಎಂದು ಕೇಳಿದ್ದಾರೆ.

1967ರಿಂದಲೂ ಕೆನಡಾ ಓದು, ವಯಸ್ಸು, ಭಾಷೆಗಳಿಗೆ ಅಂಕ ಕೊಟ್ಟು ಜನರನ್ನು ಆರಿಸುತ್ತಿದೆ. ಕಾಯಂ ವಾಸದ ಹಕ್ಕು ಕೈಯಲ್ಲಿರುವುದರಿಂದ ನೌಕರಿ ಹೋದರೂ ದೇಶ ಬಿಡಬೇಕಾಗಿಲ್ಲವಾದರೂ, ಖರ್ಚೆಲ್ಲ ನಿಮ್ಮದೇ, ಇಳಿದ ಮೇಲೆ ಕೆಲಸ ಹುಡುಕುವ ಪಾಡೂ ನಿಮ್ಮದೇ. ಮೂವತ್ತನೆಯ ಹುಟ್ಟುಹಬ್ಬದಂದೇ ವಯಸ್ಸಿನ ಅಂಕ ಇಳಿಯತೊಡಗುತ್ತದೆ (ಅಂದು ಹೋಳಿಗೆ ರುಚಿಸುವುದು ಕಷ್ಟ).

ಅಮೆರಿಕದಲ್ಲಿ ಅರ್ಜಿ ಹಾಕುವುದು ಕಂಪನಿ. ಕೆಲಸ ಮೊದಲೇ ನಿಶ್ಚಿತ. ಆದರೆ ವಾರ್ಷಿಕ ಮಿತಿ 85,000 ವೀಸಾ, ನೌಕರಿ ಹೋದರೆ ಹೊಸ ಕೆಲಸ ಹಿಡಿಯಲು ಇಲ್ಲವೇ ದೇಶ ಬಿಡಲು ಸಾಮಾನ್ಯವಾಗಿ 60 ದಿನಗಳ ಗಡುವು, ಗ್ರೀನ್‌ಕಾರ್ಡಿಗೆ (ಅಲ್ಲಿನ ಕಾಯಂ ವಾಸದ ಹಕ್ಕು) ಪ್ರತಿ ದೇಶಕ್ಕೂ ಶೇ. 7ರ ಮಿತಿ ಇರುವುದರಿಂದ ಭಾರತೀಯರ ಸರದಿಯಂತೂ ಹನುಮಂತನ ಬಾಲ.

ಮಕ್ಕಳೊಂದಿಗೆ ನೆಲೆಯೂರುವವರಿಗೆ ಕೆನಡಾ ವಾಸಿ. ಕೆಲವು ವರ್ಷ ದುಡಿದು ಮರಳುವವರಿಗೆ, ಕಂಪನಿ ಸಿದ್ಧವಿದ್ದರೆ, ಎಚ್‌-1ಬಿ ಸಾಕು.