ಅಮ್ಮನ ಕಣ್ಣು, ಮಾವನವರ ಕಣ್ಣು ಮತ್ತು ಪ್ರಯೋಗಗಳ ಎರಡು ಜಾಲತಾಣಗಳು

ನಮ್ಮ ಅಮ್ಮನಿಗೆ ಡ್ರೈ ಎಎಂಡಿ, ಅಂದರೆ ಅಕ್ಷಿಪಟಲದ ನಡುಭಾಗವಾದ ಮ್ಯಾಕ್ಯುಲಾದ ಸವೆತ. ಮಾವನವರಿಗೆ ಗ್ಲಾಕೋಮಾ, ಅಂದರೆ ಕಣ್ಣಿನ ನರ ಹಾಳಾಗುತ್ತಾ ಹೋಗುವ ಕಾಯಿಲೆ. ಎರಡೂ ವಯಸ್ಸಿನ ಜೊತೆ ಬರುವ ಕಾಯಿಲೆಗಳೇ, ಆದರೆ ಉಪದ್ರವ ತದ್ವಿರುದ್ಧ. ಅಮ್ಮನಿಗೆ ಎದುರು ಕೂತವರ ಮುಖ ಕಾಣುವುದಿಲ್ಲ, ಪಕ್ಕದ ಬಾಗಿಲಿನಿಂದ ನುಗ್ಗಿದ ಬೆಕ್ಕು ಕಾಣುತ್ತದೆ. ಮಾವನವರು ಪತ್ರಿಕೆಯ ಸಣ್ಣ ಅಕ್ಷರ ಓದುತ್ತಾರೆ, ಪಕ್ಕದಲ್ಲಿಟ್ಟ ಕಾಫಿ ಲೋಟವನ್ನು ಉರುಳಿಸುತ್ತಾರೆ.

ಹೊಸ ಔಷಧದ ಪ್ರಯೋಗಕ್ಕೆ ಇವರನ್ನು ಸೇರಿಸಬಹುದೇ ಎಂದು ನೋಡಲು ನಾನು ಬಳಸುವುದು ಎರಡು ಉಚಿತ ಜಾಲತಾಣಗಳನ್ನು: ನಮ್ಮ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಪ್ರಯೋಗಗಳ ನೋಂದಣಿ ತಾಣ ಸಿಟಿಆರ್‌ಐ ಮತ್ತು ಅಮೆರಿಕ ಸರ್ಕಾರದ ಅಂಥದ್ದೇ ತಾಣ ಕ್ಲಿನಿಕಲ್‌ಟ್ರಯಲ್ಸ್ ಡಾಟ್ ಗವ್. ವಿಮಾ ಕಚೇರಿಯ ಕ್ಲೇಮು ವಿಭಾಗದಲ್ಲಿ ಷರತ್ತುಗಳನ್ನು ಓದಿಯೇ ನಿವೃತ್ತಳಾದವಳು ನಾನು. ಇಂಥ ಕಡತಗಳು ನನಗೆ ಬೇಸರ ತರಿಸುವುದಿಲ್ಲ.

ಸಿಟಿಆರ್‌ಐ 2007ರಲ್ಲಿ ಶುರುವಾಯಿತು. 2018ರ ಏಪ್ರಿಲ್‌ನಿಂದ, ಮೊದಲ ರೋಗಿಯನ್ನು ಸೇರಿಸಿಕೊಳ್ಳುವ ಮುನ್ನವೇ ಪ್ರಯೋಗವನ್ನು ಇಲ್ಲಿ ನೋಂದಾಯಿಸಬೇಕು. ಸ್ನಾತಕೋತ್ತರ ವಿದ್ಯಾರ್ಥಿಗಳ ಪ್ರಬಂಧಗಳು, ಆಯುರ್ವೇದದ ಅಧ್ಯಯನಗಳು ಎಲ್ಲವೂ ಒಂದೇ ಪಟ್ಟಿಯಲ್ಲಿರುವುದರಿಂದ ಶೀರ್ಷಿಕೆ ನೋಡಿ ಹಿಗ್ಗಬಾರದು. ನಾನು ಮೊದಲು ಕಣ್ಣಾಡಿಸುವುದು ಮೂರು ಕಡೆ: ಭಾರತದಲ್ಲಿ ಸೇರ್ಪಡೆ ತೆರೆದಿದೆಯೇ, ಯಾವ ಊರಿನ ಆಸ್ಪತ್ರೆ, ಯಾರನ್ನು ಹೊರಗಿಡುತ್ತಾರೆ. ಹೊರಗಿಡುವ ಷರತ್ತುಗಳಲ್ಲೇ ಅರ್ಧ ಆಸೆ ಕರಗುತ್ತದೆ. ಪುಟಗಳೆಲ್ಲ ಇಂಗ್ಲಿಷಿನಲ್ಲಿವೆ. ಆದರೆ ರೋಗಿಗೆ ಕೊಡುವ ಮಾಹಿತಿ ಪತ್ರ ಅವರಿಗೆ ಅರ್ಥವಾಗುವ ಭಾಷೆಯಲ್ಲೇ ಇರಬೇಕೆಂಬ ನಿಯಮವಿದೆ. ಕನ್ನಡದ ಪ್ರತಿಯನ್ನು ಸಂಕೋಚವಿಲ್ಲದೆ ಕೇಳಿ.

ಅಮೆರಿಕದ ತಾಣ ಹುಡುಕಲು ಸಲೀಸು. ದೇಶ, ವಯಸ್ಸು, ಪ್ರಯೋಗದ ಹಂತ ಎಲ್ಲದರ ಪ್ರಕಾರವೂ ಸೋಸಬಹುದು. ಅಮ್ಮನ ಕಾಯಿಲೆಗೆ ಎಎಂಡಿ ಎಂದಷ್ಟೇ ಹಾಕದೆ ಜಿಯೋಗ್ರಾಫಿಕ್ ಅಟ್ರೋಫಿ ಎಂದೂ ಹುಡುಕಬೇಕು. ಡ್ರೈ ಎಎಂಡಿ ಮುಂದುವರಿದಾಗಿನ ಹಂತಕ್ಕೆ ಆ ಹೆಸರು. ಪೆಗ್ಸೆಟಾಕೋಪ್ಲಾನ್ ಔಷಧದ ಡರ್ಬಿ, ಓಕ್ಸ್ ಪ್ರಯೋಗಗಳು ಅಲ್ಲಿ ಸಿಗುತ್ತವೆ. ಅವುಗಳ ಬಲದ ಮೇಲೆ 2023ರಲ್ಲಿ ಅಮೆರಿಕ ಆ ಔಷಧಕ್ಕೆ ಒಪ್ಪಿಗೆ ಕೊಟ್ಟಿತು. ಕಣ್ಣಿನೊಳಗೆ ಇಂಜೆಕ್ಷನ್, ಅದೂ ಪ್ರತಿ ತಿಂಗಳು ಅಥವಾ ತಿಂಗಳು ಬಿಟ್ಟು ತಿಂಗಳು. ಹೋಲಿಕೆಗಾಗಿ ಕೆಲವರಿಗೆ ಕೊಟ್ಟದ್ದು ಔಷಧವಿಲ್ಲದ ಸೋಗಿನ ಇಂಜೆಕ್ಷನ್. ಸವೆತ ನಿಧಾನವಾಯಿತು, ಹೋದ ದೃಷ್ಟಿ ಮರಳಲಿಲ್ಲ. ಮೇಲಾಗಿ ಚುಚ್ಚಿದ ಕಣ್ಣಿನಲ್ಲಿ ವೆಟ್ ಎಎಂಡಿ, ಅಂದರೆ ಹೊಸ ರಕ್ತನಾಳಗಳು ಬೆಳೆದು ಸೋರುವ ಬಗೆ, ಬರುವ ಅಪಾಯ ಹೆಚ್ಚಿತು. ಇದನ್ನೆಲ್ಲ ಓದಿ ಹೇಳಿದಾಗ ಅಮ್ಮ ಕೇಳಿದ್ದು ಒಂದೇ ಮಾತು: "ಮುಖ ಕಾಣುತ್ತದೆಯೋ ಇಲ್ಲವೋ, ಅಷ್ಟು ಹೇಳು."

ಗ್ಲಾಕೋಮಾದ ಕಥೆ ಬೇರೆ. ಅಲ್ಲಿ ಕಣ್ಣಿನ ಒತ್ತಡ ಇಳಿಸುವ ಹನಿ, ಲೇಸರ್, ಶಸ್ತ್ರಚಿಕಿತ್ಸೆ ಈಗಾಗಲೇ ಇವೆ. ಹಾಗಾಗಿ ಪ್ರಯೋಗಗಳಲ್ಲಿ ಬಹಳಷ್ಟು ಒಂದು ಹನಿಗೆ ಇನ್ನೊಂದು ಹನಿಯ ಹೋಲಿಕೆ. ಕಣ್ಣಿನ ನರವನ್ನೇ ಕಾಯಲು ನೋಡುವ, ವಿಟಮಿನ್ ಬಿ3ಯ ಒಂದು ರೂಪವಾದ ನಿಕೋಟಿನಮೈಡ್‌ನ ಪ್ರಯೋಗ ಸ್ವೀಡನ್‌ನಂಥ ಕಡೆ ನಡೆಯುತ್ತಿದೆ. ಅದನ್ನು ಓದಿ ಔಷಧದ ಅಂಗಡಿಗೆ ಓಡುವವರಿಗೆ ಒಂದು ಮಾತು: ಅಲ್ಲಿನ ಪ್ರಮಾಣ ಬಹಳ ದೊಡ್ಡದು, ಯಕೃತ್ತಿನ ಮೇಲೆ ನಿಗಾ ಬೇಕು. ಮಾವನವರ ಕಾಯಿಲೆಯ ಮಟ್ಟಿಗೆ ನನಗೆ ಹೆಚ್ಚು ಉಪಯುಕ್ತವೆನಿಸಿದ್ದು ಮುಗಿದ ಪ್ರಯೋಗಗಳೇ. 2019ರಲ್ಲಿ ಫಲಿತಾಂಶ ಬಂದ ಬ್ರಿಟನ್ನಿನ ಲೈಟ್ ಪ್ರಯೋಗದಲ್ಲಿ, ಮೊದಲೇ ಲೇಸರ್ ಮಾಡಿಸಿಕೊಂಡವರಲ್ಲಿ ಸುಮಾರು ಮುಕ್ಕಾಲು ಪಾಲು ಜನರಿಗೆ ಮೂರು ವರ್ಷ ಹನಿಯೇ ಬೇಕಾಗಲಿಲ್ಲ. ಅವರೆಲ್ಲ ಹೊಸದಾಗಿ ಕಾಯಿಲೆ ಪತ್ತೆಯಾದವರು, ಮಾವನವರು ಹಳೇ ರೋಗಿ. ಆದರೂ ಡಾಕ್ಟರ ಬಳಿ ಕೇಳಲು ಒಂದು ಒಳ್ಳೆಯ ಪ್ರಶ್ನೆ ಸಿಕ್ಕಿತು.

ಅಮೆರಿಕದ ತಾಣಕ್ಕೆ ನಾನು ಅಂಕ ಕಳೆಯುವುದು ಒಂದು ಹಳೆಯ ಪ್ರಕರಣಕ್ಕಾಗಿ. ಫ್ಲಾರಿಡಾದ ಒಂದು ಚಿಕಿತ್ಸಾಲಯದಲ್ಲಿ ಎಎಂಡಿ ಇದ್ದ ಮೂವರು ವೃದ್ಧೆಯರು ತಲಾ 5,000 ಡಾಲರ್ ತೆತ್ತು, ಎರಡೂ ಕಣ್ಣಿಗೆ ಒಂದೇ ದಿನ ಕಾಂಡಕೋಶದ (ಸ್ಟೆಮ್ ಸೆಲ್) ಇಂಜೆಕ್ಷನ್ ಹಾಕಿಸಿಕೊಂಡು ದೃಷ್ಟಿ ಕಳೆದುಕೊಂಡರು. 2017ರಲ್ಲಿ ಇದು ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಯಿತು. ಆ 'ಅಧ್ಯಯನ' ಇದೇ ತಾಣದ ಪಟ್ಟಿಯಲ್ಲಿತ್ತು. ಪಟ್ಟಿಯಲ್ಲಿದ್ದ ಮಾತ್ರಕ್ಕೆ ಸರ್ಕಾರ ಪರಿಶೀಲಿಸಿದೆ ಎಂದಲ್ಲ ಎಂದು ತಾಣವೇ ಬರೆದುಕೊಂಡಿದೆ. ಪ್ರಯೋಗದ ಔಷಧಕ್ಕೆ ಹಣ ಕೇಳಿದರೆ, ಎರಡೂ ಕಣ್ಣಿಗೆ ಒಟ್ಟಿಗೇ ಎಂದರೆ, ಆ ಪುಟವನ್ನು ಅಲ್ಲೇ ಮುಚ್ಚಿ.

ನನ್ನ ಅಂಕ: ಹುಡುಕಾಟಕ್ಕೆ ಅಮೆರಿಕದ ತಾಣಕ್ಕೆ ಐದಕ್ಕೆ ನಾಲ್ಕು; ನಮ್ಮೂರಿಗೆ ಹತ್ತಿರದ ಆಸ್ಪತ್ರೆ ಯಾವುದೆಂದು ತಿಳಿಯಲು ಸಿಟಿಆರ್‌ಐಗೂ ಅಷ್ಟೇ. ಕಣ್ಣಿನ ಡಾಕ್ಟರ ಬಳಿ ಹೋಗುವಾಗ ಪ್ರಯೋಗದ ನೋಂದಣಿ ಸಂಖ್ಯೆಯನ್ನೂ, ಅಕ್ಷಿಪಟಲದ ಪದರಗಳನ್ನು ತೋರಿಸುವ ಇತ್ತೀಚಿನ ಓಸಿಟಿ ಸ್ಕ್ಯಾನ್ ಅಥವಾ ದೃಷ್ಟಿಕ್ಷೇತ್ರ ಪರೀಕ್ಷೆಯ ವರದಿಯನ್ನೂ ಕೈಯಲ್ಲಿ ಹಿಡಿದಿರಿ.