ಮನೆಯೊಳಗೆ ಮರದ ಮೆಟ್ಟಿಲು ಮಾಡಿಸ್ತಿದ್ದೀರಾ? ಟೈಲ್ಸ್ ಹಾಕುವ ಮುಂಚೆ ಅಳತೆ ತಗೊಳ್ಳೋಕೆ ಬಿಡಬೇಡಿ

ಬೆಂಗಳೂರಿನ 30-40 ಸೈಟಿನಲ್ಲಿ ಡ್ಯೂಪ್ಲೆಕ್ಸ್ ಕಟ್ಟುವವರು ಒಳಗಿನ ಮೆಟ್ಟಿಲನ್ನು ಮರದಲ್ಲಿ ಮಾಡಿಸುವುದು ಈಗ ಜಾಸ್ತಿ. ನಾವೂ ಮಾಡಿಸಿದೆವು. ದುಡ್ಡೂ ಹೋಯಿತು, ನೆಮ್ಮದಿಯೂ ಹೋಯಿತು. ಕೆಲಸ ಮಾಡಿದವರ ಹೆಸರು ಹಾಕುತ್ತಿಲ್ಲ. ಇದೇ ಥರ ಕೆಲಸ ಮಾಡುವವರು ಊರಲ್ಲಿ ಬೇಕಾದಷ್ಟು ಜನ ಇದ್ದಾರೆ.

ಅವರು ಅಳತೆಗೆ ಬಂದಾಗ ಮೇಲಿನ ಮಹಡಿಗೆ ಟೈಲ್ಸ್ ಆಗಿತ್ತು, ಕೆಳಗೆ ಬರೀ ಕಾಂಕ್ರೀಟ್ ನೆಲ. ಕೆಳಗೆ ಇನ್ನೂ ಎರಡು ಇಂಚು ಏರುತ್ತದೆ ಎಂದು ನಮ್ಮೆಜಮಾನರು ಅಲ್ಲೇ ನಿಂತು ಹೇಳಿದರು. "ಅದೆಲ್ಲಾ ಅಡ್ಜಸ್ಟ್ ಆಗುತ್ತೆ ಸರ್, ಬಿಡಿ" ಅಂದರು. ಒಟ್ಟು ಎತ್ತರ 120 ಇಂಚು, 16ರಿಂದ ಭಾಗಿಸಿದರೆ ಒಂದೊಂದು ಮೆಟ್ಟಿಲಿಗೆ ಏಳೂವರೆ ಇಂಚು. ಅದನ್ನೇ ಹಿಡಿದು ಮೆಟ್ಟಿಲು ಹೊರುವ ಪಕ್ಕದ ದಪ್ಪ ಹಲಗೆಗಳನ್ನು ಕೊಯ್ದು ತಂದು ನಿಲ್ಲಿಸಿದರು. ಆಮೇಲೆ ಟೈಲ್ಸ್ ಬಂತು. ಮೊದಲ ಮೆಟ್ಟಿಲು ಐದೂವರೆ ಇಂಚಿಗೆ ಇಳಿಯಿತು, ಉಳಿದದ್ದೆಲ್ಲ ಏಳೂವರೆ.

ಎರಡು ಇಂಚು ತಾನೇ, ಅಷ್ಟಕ್ಕೇನು ಅಂತೀರಾ? ಮೆಟ್ಟಿಲು ಹತ್ತುವಾಗ ನಾವು ಕೆಳಗೆ ನೋಡುವುದಿಲ್ಲ. ಮೊದಲ ಹೆಜ್ಜೆಯ ಎತ್ತರವನ್ನೇ ಕಾಲು ನಂಬಿಕೊಳ್ಳುತ್ತದೆ. ಎರಡನೆಯದಕ್ಕೂ ಅಷ್ಟೇ ಎತ್ತುತ್ತದೆ, ಬೆರಳು ಅಂಚಿಗೆ ತಗಲುತ್ತದೆ. ಇಳಿಯುವಾಗ ಕೊನೆಯಲ್ಲಿ ನೆಲ ಬೇಗ ಸಿಕ್ಕಿ ಮಂಡಿಗೆ ಕುಕ್ಕುತ್ತದೆ. ನಮ್ಮತ್ತೆ ಹಾಗೆಯೇ ಮುಗ್ಗರಿಸಿ ಮಣಿಕಟ್ಟು ಉಳುಕಿಸಿಕೊಂಡರು. ಮನೆಗಳಲ್ಲಿ ಮೆಟ್ಟಿಲಿನ ಎತ್ತರ 190 ಮಿಲಿಮೀಟರ್ ದಾಟಬಾರದು, ಕಾಲಿಡುವ ಅಗಲ 250ಕ್ಕಿಂತ ಕಮ್ಮಿ ಇರಬಾರದು ಎಂದು ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. ಆದರೆ ಎಲ್ಲಾ ಮೆಟ್ಟಿಲೂ ಒಂದೇ ಎತ್ತರ ಇಲ್ಲದಿದ್ದರೆ ಈ ಅಳತೆಗಳಿದ್ದೂ ಬೀಳುವುದು ತಪ್ಪುವುದಿಲ್ಲ.

ಅವರು ಮಾಡಿದ ರಿಪೇರಿ ಕೇಳಿ. ಮೊದಲ ಮೆಟ್ಟಿಲ ಮೇಲೆ ಎರಡು ಇಂಚಿನ ಹಲಗೆ ಬಡಿದರು. ಈಗ ಅದು ಏಳೂವರೆ, ಎರಡನೆಯದು ಐದೂವರೆ! ಎಡವುವ ಜಾಗ ಒಂದು ಮೆಟ್ಟಿಲು ಮೇಲೆ ಹೋಯಿತು, ಅಷ್ಟೇ. ಎಲ್ಲದಕ್ಕೂ ಬಡಿದಿದ್ದರೂ ವ್ಯತ್ಯಾಸ ಮೇಲಿನ ಮಹಡಿಯ ಹತ್ತಿರ ಹೋಗಿ ಕೂರುತ್ತಿತ್ತು. ಸರಿಯಾದ ದಾರಿ ಒಂದೇ. 118 ಇಂಚನ್ನು 16ರಿಂದ ಭಾಗಿಸಿ ಪಕ್ಕದ ಹಲಗೆಗಳನ್ನು ಹೊಸದಾಗಿ ಕೊಯ್ಯಬೇಕು. ಅದಕ್ಕೆ ಮತ್ತೆ ದುಡ್ಡು ಕೇಳಿದರು. ಆಮೇಲೆ ಫೋನ್ ಎತ್ತುವುದನ್ನೇ ನಿಲ್ಲಿಸಿದರು.

ಇನ್ನು ಮರದ ಕಥೆ. ಕೊಟೇಶನ್‌ನಲ್ಲಿ ತೇಗ. ಮನೆಗೆ ಬಂದದ್ದು ಆಗಲೇ ಬಣ್ಣ ಬಳಿದು ಪಾಲಿಶ್ ಮಾಡಿದ ಹಲಗೆ. ಶಿವರಾತ್ರಿ ಹೊತ್ತಿಗೆ ಗಾಳಿ ಒಣಗಿತು ನೋಡಿ, ಹಲಗೆಗಳ ನಡುವೆ ಸಂದು ಬಿಟ್ಟಿತು, ಕಾಲಿಟ್ಟರೆ ಕಿರ್ ಅನ್ನತೊಡಗಿತು. ಹಸಿ ಮರ ಒಣಗುವಾಗ ಅಗಲದಲ್ಲಿ ಕುಗ್ಗುತ್ತದೆ, ಉದ್ದದಲ್ಲಿ ಅಷ್ಟಾಗಿ ಅಲ್ಲ. ಅದಕ್ಕೇ ಸಂದು ಬಿಡುವುದು, ಸ್ಕ್ರೂ ಸಡಿಲವಾಗುವುದು. ಬೇರೆ ಆಚಾರಿಯನ್ನು ಕರೆಸಿದೆವು. ಅವರು ಮೆಟ್ಟಿಲ ಕೆಳಗೆ ಪಾಲಿಶ್ ಇಲ್ಲದ ಕಡೆ ಟಾರ್ಚ್ ಬಿಟ್ಟು, "ಇದು ಸಿಲ್ವರ್ ಓಕ್ ಅಮ್ಮಾ" ಅಂದರು. ಕಾಫಿ ತೋಟದಲ್ಲಿ ನೆರಳಿಗೆ ಬೆಳೆಸುತ್ತಾರಲ್ಲ, ಅದೇ. ಕೆಟ್ಟ ಮರ ಅಂತಲ್ಲ. ಆದರೆ ಅದಕ್ಕೆ ತೇಗದ ರೇಟ್ ಯಾಕೆ ಕೊಡಬೇಕು?

ಮರಕ್ಕೆ ಬಣ್ಣ ಬೀಳುವ ಮೊದಲೇ ನೋಡಬೇಕು. ಮೈಸೂರು ರಸ್ತೆಯ ಟಿಂಬರ್ ಯಾರ್ಡ್‌ಗೋ ಅವರ ವರ್ಕ್‌ಶಾಪಿಗೋ ನೀವೇ ಹೋಗಿ. ತೇವ ಅಳೆಯುವ ಪುಟ್ಟ ಮೀಟರ್ ಸಿಗುತ್ತದೆ, ಮನೆಯೊಳಗಿನ ಕೆಲಸಕ್ಕೆ ಶೇಕಡಾ 12ರ ಆಸುಪಾಸು ತೋರಿಸಿದರೆ ಒಳ್ಳೆಯದು. ಮರದ ಲೆಕ್ಕ ಸಿಎಫ್‌ಟಿಯಲ್ಲಿ, ಅಂದರೆ ಘನ ಅಡಿಯಲ್ಲಿ ಇರುತ್ತದೆ. ಅಡಿಯಲ್ಲಿ ಉದ್ದ, ಇಂಚಿನಲ್ಲಿ ಅಗಲ ಮತ್ತು ದಪ್ಪ, ಮೂರನ್ನೂ ಗುಣಿಸಿ 144ರಿಂದ ಭಾಗಿಸಿ. ಮೂರು ಅಡಿ ಉದ್ದ, 10 ಇಂಚು ಅಗಲ, ಒಂದೂವರೆ ಇಂಚು ದಪ್ಪದ ಹಲಗೆ ಮೂರನೇ ಒಂದು ಸಿಎಫ್‌ಟಿ ಕೂಡ ಆಗುವುದಿಲ್ಲ. ನಮ್ಮ ಬಿಲ್ಲಿನಲ್ಲಿ ಅದೇ ಹಲಗೆಗೆ ಅರ್ಧ ಹಾಕಿದ್ದರು.

ಈಗಾಗಲೇ ಸಿಕ್ಕಿಹಾಕಿಕೊಂಡಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಲು ಎರಡು ವರ್ಷ ಸಮಯ ಇದೆ. ನೀವು ಕೊಟ್ಟ ಮೊತ್ತ ಐದು ಲಕ್ಷದೊಳಗಿದ್ದರೆ ಶುಲ್ಕ ಇಲ್ಲ. ಕೊಟೇಶನ್, ಬಿಲ್, ವಾಟ್ಸಾಪ್ ಮಾತುಕತೆ ಯಾವುದನ್ನೂ ಅಳಿಸಬೇಡಿ. ಮೆಟ್ಟಿಲ ಪಕ್ಕ ಟೇಪ್ ಹಿಡಿದು ಅಳತೆ ಕಾಣುವ ಹಾಗೆ ಫೋಟೋ ತೆಗೆದಿಡಿ, ಕೆಳಭಾಗದ್ದೂ ಸೇರಿಸಿ.