ಜಾನ್ ಡೇ ಊರಿನ ಚೀನಿ ಅಂಗಡಿ: ಮಸಿಯನ್ನೂ ಒರೆಸದೆ ಉಳಿಸಿದ್ದಾರೆ

ಹಾಸನದಿಂದ ಮಕ್ಕಳ ಮನೆಗೆ ಅಂತ ಅಮೆರಿಕಕ್ಕೆ ಹೋಗುವವರು ಈಗ ಜಾಸ್ತಿ. ಆರೆಗನ್ ಕಡೆ ಹೋದರೆ ಜಾನ್ ಡೇ ಅನ್ನುವ ಸಣ್ಣ ಊರಿನ 'ಕಾಮ್ ವಾ ಚುಂಗ್' ಅಂಗಡಿ ನೋಡಿ ಬನ್ನಿ. ಪೋರ್ಟ್‌ಲೆಂಡ್‌ನಿಂದ ಕಾರಲ್ಲಿ ಐದು ಗಂಟೆ ಹಿಡಿಯುತ್ತದೆ, ಬುತ್ತಿ ಕಟ್ಟಿಕೊಂಡೇ ಹೊರಡಿ.

ಹೊರಗಿನಿಂದ ಅಂಥದ್ದೇನಿಲ್ಲ, ಕಲ್ಲಿನ ಕಟ್ಟಡ, ಅಷ್ಟೆ. ಚಿನ್ನ ಹುಡುಕಿಕೊಂಡು ಬಂದ ಚೀನಿಯರು ಅಲ್ಲಿ ತುಂಬಿದ್ದ ಕಾಲ ಅದು. 1887ರ ಸುಮಾರಿಗೆ ಲಂಗ್ ಆನ್, ಇಂಗ್ ಹೇ ಅನ್ನುವ ಇಬ್ಬರು ಅಂಗಡಿ ವಹಿಸಿಕೊಂಡರು. ಒಬ್ಬನದು ವ್ಯಾಪಾರ, ಇನ್ನೊಬ್ಬನದು ವೈದ್ಯ. ಇಂಗ್ ಹೇ ನಾಡಿ ಹಿಡಿದೇ ಕಾಯಿಲೆ ಹೇಳುತ್ತಿದ್ದನಂತೆ. ಚೀನಿ ಕೂಲಿಗಳು ಬರಲೇಬಾರದು ಅಂತ 1882ರಲ್ಲಿ ಕಾನೂನು ಮಾಡಿದ ದೇಶ ಅದು, ಆದರೂ ಮೈ ಕೆಟ್ಟಾಗ ಬಿಳಿಯರೂ ಇವನ ಬಾಗಿಲಿಗೇ ಬರುತ್ತಿದ್ದರು!

ಒಳಗೆ ಹೋದರೆ ಥೇಟ್ ನಮ್ಮ ಗ್ರಂಧಿಗೆ ಅಂಗಡಿ. ಬೇರು, ತೊಗಟೆ, ಸಾಲು ಸಾಲು ಡಬ್ಬಿ, ಮೂಲೆಯಲ್ಲಿ ದೇವರು. ಒಣಗಿಸಿದ ಕರಡಿ ಪಾದ ಮಾತ್ರ ನಮ್ಮಲ್ಲಿ ಸಿಗಲ್ಲ. ಸೌದೆ ಒಲೆಯ ಹೊಗೆಗೆ ಗೋಡೆಯೆಲ್ಲ ಕಪ್ಪಾಗಿದೆ. ಅದನ್ನು ತೊಳೆದಿಲ್ಲ, ಸುಣ್ಣ ಬಣ್ಣ ಬಳಿದಿಲ್ಲ. ನನಗೆ ತುಂಬಾ ಹಿಡಿಸಿದ್ದು ಇದೇ.

ಇದು ಉಳಿದದ್ದೂ ಯಾರ ಜಾಣತನದಿಂದಲೂ ಅಲ್ಲ. ಲಂಗ್ ಆನ್ 1940ರಲ್ಲಿ ತೀರಿಕೊಂಡ. 1948ರಲ್ಲಿ ಸೊಂಟ ಮುರಿದುಕೊಂಡು ಪೋರ್ಟ್‌ಲೆಂಡ್‌ಗೆ ಹೋದ ಇಂಗ್ ಹೇ ಮತ್ತೆ ಅಂಗಡಿಗೆ ಬರಲೇ ಇಲ್ಲ, 1952ರಲ್ಲಿ ಅವನೂ ಹೋದ. ಆಮೇಲೆ ಕಟ್ಟಡ ಊರಿನ ಆಡಳಿತಕ್ಕೆ ಬಂತು, ಅವರು ಸುಮ್ನೆ ಮರೆತುಬಿಟ್ಟರು. 1960ರ ದಶಕದ ಕೊನೆಗೆ ಬಾಗಿಲು ತೆಗೆದರೆ ಸಾಮಾನೆಲ್ಲ ಇಟ್ಟಲ್ಲೇ ಇದೆ, ವೈದ್ಯನ ಮಂಚದ ಕೆಳಗೆ ಬ್ಯಾಂಕಿಗೇ ಹಾಕದ ಚೆಕ್ಕುಗಳು, ಸುಮಾರು 23,000 ಡಾಲರ್! 1970ರ ದಶಕದಲ್ಲಿ ರಿಪೇರಿ ಮಾಡಿ ಮ್ಯೂಸಿಯಂ ಮಾಡಿದರು. 2005ರಲ್ಲಿ ರಾಷ್ಟ್ರೀಯ ಸ್ಮಾರಕದ ಪಟ್ಟವೂ ಸಿಕ್ಕಿತು.

ಕಟ್ಟಿನಕೆರೆ ಮಾರ್ಕೆಟ್ ಹತ್ತಿರ ಗ್ರಂಧಿಗೆ ಅಂಗಡಿ ಇಟ್ಟಿರುವ ಪರಿಚಯದವರಿಗೆ ಇದನ್ನೆಲ್ಲ ಹೇಳಿದೆ. "ಅಷ್ಟು ವರ್ಷ ಹುಳ ಹಿಡೀಲಿಲ್ವಾ ಸಾರ್?" ಅಂದರು. ಸ್ವಲ್ಪ ತಡೆದು, "ನಮ್ಮಲ್ಲಾಗಿದ್ರೆ ಮೊದಲು ಟೈಲ್ಸ್ ಹಾಕಿಸ್ತಿದ್ವಿ, ಅಲ್ವಾ" ಅಂತ ಅವರೇ ನಕ್ಕರು.

ಕೊರತೆ ಇಲ್ಲ ಅಂತಲ್ಲ. ಜಾಗ ಇಕ್ಕಟ್ಟು, ಬೆಳಕು ಮಂಕು, ಗೈಡ್ ಜೊತೆಗೇ ಹೋಗಬೇಕು. ಮಂಡಿ ನೋವಿನವರಿಗೆ ಅಷ್ಟು ಹೊತ್ತು ನಿಲ್ಲೋದು ಕಷ್ಟ. ಟಿಕೆಟ್ ಇಲ್ಲ, ಪುಕ್ಕಟೆ. ತೆರೆದಿರೋದು ಮೇಯಿಂದ ಅಕ್ಟೋಬರ್‌ವರೆಗೆ ಮಾತ್ರ, ಮಗಳೋ ಅಳಿಯನೋ ರಜೆ ಹಾಕುವ ಮೊದಲೇ ಅವರಿಗೆ ಇದನ್ನು ಹೇಳಿಬಿಡಿ.